ಬಿಳಿ ಬೂಟು ಹಾಕಿಕೊಂಡ ಬೆಳಿಗ್ಗೆ

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷಗಳಾಗಿದ್ದವು. ನನಗೆ ಸಕ್ಕರೆ ಕಾಯಿಲೆ ಬಂತು. ಕನ್ನಡ ಸೀಮೆ ಬಿಟ್ಟು ದುಡಿಯಲು ಬಂದು ನೆಲೆಸಿದ ಮಂಗೋರ್ ಹಿಲ್‌ನ ನಮ್ಮ ಓಣಿಯಲ್ಲಿ ದಿನವಿಡೀ ಒಲೆಯ ಮುಂದೆ ಕೂತು ಖಾನಾವಳಿಗೆ ರೊಟ್ಟಿ ಬಡಿಯುವವಳು ನಾನು. ಕೈ ಸೋಲುತ್ತಿತ್ತೇ ಹೊರತು ಕಾಲು ಅಲುಗುತ್ತಿರಲಿಲ್ಲ. ಬೆಳಿಗ್ಗೆ ನಡೆಯಲೇಬೇಕು, ಇಲ್ಲದಿದ್ದರೆ ಕಣ್ಣು, ಕಾಲು ಎರಡೂ ಹೋಗುತ್ತವೆ, ನಡೆಯುವಾಗ ನೀರು ಜೊತೆಗಿರಲಿ ಎಂದು ಡಾಕ್ಟರು ಹೆದರಿಸಿ ಕಳಿಸಿದರು.

ಅದೇ ವರ್ಷ ಗುಡ್ಡದ ಕೆಳಗಿನ ಬಯಲಿಗೆ ಸರ್ಕಾರ ಗೋಡೆ ಕಟ್ಟಿಸಿ, ಒಳಗೆ ನಡೆದಾಡುವ ದಾರಿ ಮಾಡಿಸಿತ್ತು. ಹೆಂಗಸರು ಹೊರಗೆ ಬಂದು ವ್ಯಾಯಾಮ ಮಾಡಲಿ ಎಂದು, ಹೆಸರು ಬರೆಸಿದವರಿಗೆ ಪುಕ್ಕಟೆ ಬಿಳಿ ಕ್ಯಾನ್ವಾಸ್ ಬೂಟು ಕೊಡುತ್ತಿದ್ದರು. ನಾನೂ ಬರೆಸಿದೆ. ಸೀರೆಯ ನೆರಿಗೆ ಎತ್ತಿ ಎತ್ತಿ ನನ್ನ ಕಾಲನ್ನು ನಾನೇ ನೋಡಿಕೊಂಡೆ.

"ಏನಕ್ಕಾ, ಪೊಲೀಸ್ ಭರ್ತಿಗೆ ಹೊಂಟಿಯೇನ?" ಎಂದಳು ಪಕ್ಕದ ಮನೆಯ ಬಿಜಾಪುರ ಕಡೆಯವಳು.

"ಹೌದವ್ವಾ, ಮೊದಲ ನಿನ್ನ ಹಿಡಕೊಂಡ ಹೋಗತೇನಿ."

ಅವಳು ನಕ್ಕು, ತಾನೂ ನಾಳೆ ಹೆಸರು ಬರೆಸುತ್ತೇನೆ ಎಂದಳು.

ಮರುದಿನ ಬೆಳಿಗ್ಗೆ ಹಳೆಯ ಬಾಟಲಿಯಲ್ಲಿ ನೀರು ತುಂಬಿಕೊಂಡು ಗೇಟಿಗೆ ಹೋದೆ. ಕಾವಲುಗಾರ ಅಡ್ಡ ಬಂದ. ನನ್ನ ಮುಖ ನೋಡಿದ, ಬಾಟಲಿ ನೋಡಿದ.

"ಏ ಬಾಯ್, ಹಾಂಗಾ ನಾಕಾ! ಭಾಯ್ರ್ ವಚ್!"

ಇಲ್ಲಿ ಬೇಡ, ಹೊರಗೆ ಹೋಗು ಎಂದು ಕೊಂಕಣಿಯಲ್ಲಿ ಗದರಿದ. ನಾನು ಬಯಲಕಡೆಗೆ ಬಂದಿದ್ದೇನೆ ಎಂದುಕೊಂಡಿದ್ದ. ಒಳಗೆ ನಡೆಯುತ್ತಿದ್ದ ಹೆಂಗಸರ ಕೈಯಲ್ಲೂ ಬಾಟಲಿಗಳಿದ್ದವು. ಅವರೆಲ್ಲ ತಿರುಗಿ ನೋಡಿದರು. ನಾಚಿಕೆಯಿಂದ ನನ್ನ ಕಿವಿ ಕಾದವು. ಬರುತ್ತಿದ್ದ ಅಷ್ಟಿಷ್ಟು ಹಿಂದಿಯೂ ಮರೆತು ಹೋಯಿತು.

"ವಾಕಿಂಗ್ ಮಾಡಾಕ ಬಂದೇನ್ರಿ," ಎಂದು ಸೀರೆ ಎತ್ತಿ ಬೂಟು ತೋರಿಸಿದೆ. ಅವನ ಕಣ್ಣು ಬಾಟಲಿ ಬಿಟ್ಟು ಕದಲಲಿಲ್ಲ. ಆಗ ನಾನು ಬಿರಡೆ ತೆಗೆದು, ಅಷ್ಟು ಜನರ ಎದುರಿಗೆ, ಆ ನೀರನ್ನು ಗಟಗಟ ಕುಡಿದೆ. ಕುಪ್ಪಸವೆಲ್ಲ ಒದ್ದೆಯಾಯಿತು. ಅವನು ಪಕ್ಕಕ್ಕೆ ಸರಿದ. ತಲೆ ಬಗ್ಗಿಸಿಕೊಂಡೇ ಒಂದು ಸುತ್ತು ಹಾಕಿ ಹೊರಗೆ ಬಂದೆ.

ಮನೆಗೆ ಬಂದು ಹೇಳಿದಾಗ ಪಕ್ಕದ ಮನೆಯವಳು ಕೆಂಡವಾದಳು. "ನಾಲ್ಕು ಮಾತು ಅನ್ನಬೇಕಿತ್ತಕ್ಕಾ! ಮಂದಿ ಮುಂದ ಹಂಗ ಮಾನಾ ಕಳಿಯೂದೇನ?"

ಏನೆಂದು ಬೈಯಲಿ? ನಮ್ಮ ಓಣಿಯಲ್ಲಿ ಒಂದು ಮನೆಗೂ ಪಾಯಖಾನೆ ಇರಲಿಲ್ಲ. ಗೋಡೆ ಏಳುವವರೆಗೂ ನಾವು ಹೆಂಗಸರೆಲ್ಲ ನಸುಕಿನಲ್ಲಿ ಹೋಗಿ ಕೂರುತ್ತಿದ್ದುದು ಆ ಬಯಲಿನಲ್ಲೇ. ಗೋಡೆಯ ಕೆಲಸ ಶುರುವಾದ ಮೇಲೆ, ಮುಖಕ್ಕೆ ಬ್ಯಾಟರಿ ಬಿಟ್ಟು ನಮ್ಮನ್ನು ಎಬ್ಬಿಸಿ ಓಡಿಸುತ್ತಿದ್ದವನು ಇವನೇ.

"ಅಂವಾ ನನ್ನ ಗುರ್ತ ಹಿಡದಾನವ್ವಾ," ಎಂದೆ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹಂಗಾರ ನನ್ನ ಮಾರಿನೂ ಅವಗ ಗೊತ್ತೈತಿ," ಎಂದಳು.

ಅವಳು ಹೆಸರು ಬರೆಸಲು ಹೋಗಲಿಲ್ಲ. ನಾನು ಬಾ ಎಂದು ಕರೆಯಲೂ ಇಲ್ಲ.