ಎಡಗೋಲಿಗೆ ಪಳಗಿದ್ದು

ವಿಮಾನದ ಮುಂದೆ ಎರಡು ಸೀಟುಗಳಿರುತ್ತವೆ. ಎಡಗಡೆಯದು ಕ್ಯಾಪ್ಟನ್‌ದು, ಬಲಗಡೆಯದು ನನ್ನಂಥ ಸಹ ಪೈಲಟ್‌ದು. ನಾನು ಬಲಗಡೆ ಕೂತು ಏಳು ವರ್ಷವಾಗಿತ್ತು. ನಮ್ಮ ಕಂಪನಿಯ ಅರ್ಧ ವಿಮಾನಗಳು ಎಂಜಿನ್ ಇಲ್ಲದೆ ನಿಂತಿದ್ದರಿಂದ ಮೂರು ವಾರಗಳಿಂದ ಡ್ಯೂಟಿಯೂ ಇರಲಿಲ್ಲ. ಚಾಮರಾಜನಗರದ ಮನೆಯಲ್ಲಿ ಅವ್ವನಿಗೆ ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದೆ. ಆಗಲೇ ಹೊಸ ಕಂಪನಿಯೊಂದು ಕರೆಯಿತು: ಬನ್ನಿ, ಎಡಗಡೆ ಸೀಟು ಕೊಡುತ್ತೇವೆ. ಹೋದರೆ ಏಳು ವರ್ಷದ ಸೀನಿಯಾರಿಟಿ ನೀರುಪಾಲು. ಹೋಗದಿದ್ದರೆ, ಇರುವ ಕಂಪನಿ ಯಾವತ್ತು ಬಾಗಿಲು ಹಾಕುತ್ತದೋ ದೇವರಿಗೇ ಗೊತ್ತು. ಸೋಮವಾರ ಸಂಜೆ ಆರರೊಳಗೆ ಉತ್ತರ ಕೊಡಬೇಕಿತ್ತು.

ಸೋಮವಾರ ಬೆಳಗ್ಗೆಯೂ ನಾನು ಬೆಳ್ಳುಳ್ಳಿ ಮುಂದೆಯೇ ಕೂತಿದ್ದು ನೋಡಿ ಅವ್ವ ರೇಗಿದಳು. "ಗುಂಡ್ಲುಪೇಟೆಗೆ ಓಗಿ ನಿಮ್ ದೊಡ್ಡಪ್ಪನ್ನ ಕೇಳ್ಲಾ. ಸುಳಿ ನೋಡಿ ಯೋಳ್ತಾರೆ."

ದೊಡ್ಡಪ್ಪ ಮೈಮೇಲಿನ ಕೂದಲ ಸುಳಿ ನೋಡಿ ಒಳಿತು ಕೆಡುಕು ಹೇಳುವುದು ಎತ್ತುಗಳದ್ದು. ಆದರೆ ನಮ್ಮ ಮನೆಯಲ್ಲಿ ಮದುವೆಯಿಂದ ಮೋಟರ್ ಪಂಪಿನವರೆಗೆ ಅವನದೇ ಕೊನೆಯ ಮಾತು. ಮೋಡದ ಮೇಲೆ ಹಾರುವ ನಾನು ಬಸ್ಸು ಹತ್ತಿದೆ.

ಗುಂಡ್ಲುಪೇಟೆಯಿಂದ ಕೇರಳದ ಕಡೆಗೆ ಹೋಗುವ ರಸ್ತೆಯ ಪಕ್ಕದ ಹೊಲದಲ್ಲಿ ಸಿಕ್ಕಿದ ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದ. "ಏಳ್ ವರ್ಸ ಬಲಗೋಲಿಗೆ ಕಟ್ಟಿದ್ ಎತ್ತ ಎಡಗೋಲಿಗೆ ಕಟ್ಟುದ್ರೆ ನೇಗ್ಲು ಮುರ್ದೋಯ್ತದೆ ಕಣ್ಲಾ."

ನೊಗದ ಬಲಕ್ಕೆ ಪಳಗಿದ ಎತ್ತು ಎಡಕ್ಕೆ ನಡೆಯುವುದಿಲ್ಲ ಎನ್ನುವುದು ನಮ್ಮ ಕಡೆ ಮಗುವಿಗೂ ಗೊತ್ತು.

"ನಾನು ಎತ್ತಲ್ಲ ದೊಡ್ಡಪ್ಪ."

"ಅದ ನಾ ನೋಡ್ತೀನಿ ಬುಡು."

ಅವನ ಜೋಡಿಯಲ್ಲಿ ಎಡಗೋಲಿನ ಎತ್ತು ಬೇಸಿಗೆಯಲ್ಲಿ ಸತ್ತಿತ್ತು. ಬಲಗೋಲಿನದು ಮಾತ್ರ ಉಳಿದಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಆ ಎತ್ತಿನ ಎಡಕ್ಕೆ ನೊಗ ಹೊತ್ತು ನಾನು ನಿಂತಿದ್ದೆ. ನೇಗಿಲು ಕಟ್ಟಲಿಲ್ಲ, ಅಷ್ಟರಮಟ್ಟಿಗೆ ದೊಡ್ಡಪ್ಪ ಕರುಣಾಮಯಿ.

ನೇರ ನಡೆಯುವುದು ಕಷ್ಟವಾಗಲಿಲ್ಲ. ತೊಂದರೆಯಾಗಿದ್ದು ಬದುವಿನ ಹತ್ತಿರ ತಿರುಗುವಾಗ. ಅಲ್ಲಿ ಎಡಗೋಲಿನದು ನಿಂತಲ್ಲೇ ತಿರುಗಬೇಕು, ಸುತ್ತು ಹೊಡೆಯುವುದು ಬಲಗೋಲಿನದರ ಪಾಡು. ನಾನು ಮೊದಲೆರಡು ಸಲವೂ ಎತ್ತಿನ ಜೊತೆ ಸುತ್ತಲು ಹೋಗಿ ಕತ್ತು ಉಳುಕಿಸಿಕೊಂಡೆ. ಎತ್ತು ನನ್ನನ್ನು ನೋಡಿದ ನೋಟದಲ್ಲಿ ಮರ್ಯಾದೆ ಇರಲಿಲ್ಲ. ಸೂರ್ಯಕಾಂತಿ ಹೂವಿನ ಫೋಟೋ ತೆಗೆಯುತ್ತಿದ್ದ ಕೇರಳದ ಕುಟುಂಬವೊಂದು ಹೂವು ಬಿಟ್ಟು ನಮ್ಮ ಕಡೆ ತಿರುಗಿತು. ಯಾವ ಹಬ್ಬ ಎಂದು ಕೇಳಿದರು.

"ಪೈಲಟ್ ಟ್ರೈನಿಂಗು," ಎಂದ ದೊಡ್ಡಪ್ಪ. ಆಮೇಲೆ ನನ್ನ ಕಡೆ ತಿರುಗಿ ಕೂಗಿದ: "ನಿಂತ್ಕಳ್ಲಾ! ಅದು ಸುತ್ಲಿ. ನಿಂತ್ಕಳಕ್ಕೆ ಏನ್ ಭಯ ನಿಂಗೆ?"

ಆ ಮಾತು ನಾಟಿತು. ಸೀನಿಯಾರಿಟಿಯ ಚಿಂತೆ ಎಂದು ನಾನು ಊರಿಗೆಲ್ಲ ಹೇಳಿಕೊಂಡಿದ್ದು ಸುಳ್ಳು. ತಪ್ಪಾದರೆ ಹೊಣೆ ಹೊರಲು ಎಡಗಡೆ ಒಬ್ಬರಿದ್ದಾರೆ ಎಂಬ ನೆಮ್ಮದಿಯಲ್ಲೇ ಏಳು ವರ್ಷ ಹಾರಿದ್ದೆ. ಆ ಜಾಗಕ್ಕೆ ಹೋಗಲು ನನಗೆ ಹೆದರಿಕೆಯಿತ್ತು.

ಮೂರನೆಯ ಸಲ ಕಾಲೂರಿ ನಿಂತೆ. ಎತ್ತು ಗೊಣಗದೆ ನನ್ನ ಸುತ್ತ ತಿರುಗಿ ಬಂತು. ಕೇರಳದವರು ಚಪ್ಪಾಳೆ ತಟ್ಟಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲ ಸಲ ಒಬ್ಬನೇ ವಿಮಾನ ಇಳಿಸಿದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಆರಕ್ಕೆ ಹತ್ತು ನಿಮಿಷವಿರುವಾಗ, ಮಣ್ಣು ಮೆತ್ತಿದ ಹೆಬ್ಬೆರಳಲ್ಲೇ 'ಬರುತ್ತೇನೆ' ಎಂದು ಉತ್ತರ ಕಳಿಸಿದೆ. ಹಳೆಯ ಕಂಪನಿಗೆ ರಾಜೀನಾಮೆಯನ್ನೂ ಕೊಟ್ಟೆ.

ವಾರದ ಮೇಲೆ ಹೊಸ ಕಂಪನಿಯ ಪತ್ರ ಬಂತು. ಸ್ವಾಗತ, ಅಭಿನಂದನೆ ಎಲ್ಲ ಆದ ಮೇಲೆ ಕೊನೆಯಲ್ಲಿ ಒಂದು ಸಾಲು: ಸದ್ಯಕ್ಕೆ ಎಡಗಡೆ ಸೀಟು ಖಾಲಿ ಇಲ್ಲ, ಮುಂದಿನ ಸೂಚನೆಯವರೆಗೆ ಬಲಗಡೆಯೇ ಕೂರಬೇಕು.

ಸಿಟ್ಟು, ಅವಮಾನ ಎರಡೂ ಉಕ್ಕಿ ದೊಡ್ಡಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ. ಆ ಕಡೆಯಿಂದ ಎತ್ತಿನ ಕೊರಳ ಗಂಟೆ ಕೇಳುತ್ತಿತ್ತು.

"ಬೇಜಾರ್ ಮಾಡ್ಕಬ್ಯಾಡ ಕಣ್ಲಾ," ಎಂದ. "ರಜಾ ಸಿಕ್ದಾಗ ಬಂದ್ಬುಡು. ನಮ್ಮಲ್ಲಿ ಎಡಗೋಲು ಇನ್ನೂ ಖಾಲಿನೇ ಅದೆ."