ಸೇಂಟ್ ಪಾಲ್ಸ್ ಪಕ್ಕದ ಮೋಟೆಲ್

ಕಿವಿ ಹಕ್ಕಿಯ ದೇಶದ ಈ ಜಾನ್ಸನ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೈಸೂರಿನ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಲಂಡನ್ ನೋಡಿದವರಲ್ಲ. ಆದರೂ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಲಂಡನ್ನಿನ ಚಿತ್ರಗಳನ್ನು ಗೋಡೆಗೆ ಸಾಲಾಗಿ ಅಂಟಿಸಿ, ಟೀ ಕುಡಿಯಲು ಹೋದವರಿಗೆಲ್ಲ ಇಂಗ್ಲಿಷ್ ಬೆಳೆದ ಬಗೆ ಹೇಳುತ್ತಿದ್ದರು. ಕೈಯಲ್ಲಿ ಚಾಕ್‌ಪೀಸ್ ಇರುತ್ತಿರಲಿಲ್ಲ. ಬೆರಳುಗಳು ಮಾತ್ರ ಅದನ್ನು ಹಿಡಿದ ಹಾಗೇ ಇರುತ್ತಿದ್ದವು.

“ಈ ಲಂಡನ್ ಟವರ್ ಕಟ್ಟಿದೋರು ಫ್ರೆಂಚ್ ಮಾತು ತಂದ್ರು. ಈ ಸೇಂಟ್ ಪಾಲ್ಸ್ ಗುಮ್ಮಟ ಏಳೋ ಹೊತ್ತಿಗೆ ಸ್ವರಗಳೆಲ್ಲ ಜಾಗ ಬದಲಾಯಿಸಿ ಕೂತಿದ್ವು. ಅಲ್ಲಿಗೆ ಇಂಗ್ಲಿಷ್ ಬೆಳೆಯೋದು ಮುಗೀತು,” ಎಂದು ಗುಮ್ಮಟದ ಮೇಲೆ ಬೆರಳು ಕುಟ್ಟುವರು. ಇಲ್ಲಿನವರ ಉಚ್ಚಾರಣೆಯನ್ನು ಅವರು ಇಂಗ್ಲಿಷ್ ಎಂದು ಎಣಿಸಿರಲಿಲ್ಲ, ನೆಗಡಿ ಎಂದುಕೊಂಡಿದ್ದರು.

ಒಂದು ರಜೆಯಲ್ಲಿ ಅವರನ್ನೂ ಅವರ ಹೆಂಡತಿಯನ್ನೂ ಕಡಲತೀರದ ಟೌರಂಗಾಕ್ಕೆ ಕರೆದುಕೊಂಡು ಹೋದೆ. ಮೋಟೆಲಿನ ಕೌಂಟರಿನಲ್ಲಿ ಮಾತಾಡುವ ಹೊಣೆ ಸಹಜವಾಗಿಯೇ ಮೇಷ್ಟ್ರದು. ಅಲ್ಲಿದ್ದ ಹುಡುಗಿ ನಗುತ್ತಾ, “ಚಿಕಿನ್?” ಎಂದಳು.

ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ, “ನೋ ಮೇಡಂ, ವಿ ಆರ್ ಪ್ಯೂರ್ ವೆಜಿಟೇರಿಯನ್ಸ್,” ಎಂದರು.

ಹುಡುಗಿ ರೂಮಿನ ಕೀ ಹಿಡಿದು ನಿಂತೇ ಇದ್ದಳು. “ಚೆಕ್-ಇನ್ ಅಂತಿದಾಳೆ ಅಂಕಲ್,” ಎಂದು ನಾನು ಪಿಸುಗುಟ್ಟಿದೆ. ಅವರು ಕೀ ತೆಗೆದುಕೊಂಡು ಹೊರಗೆ ಬಂದು, ಮೋಟೆಲಿನ ಮುಂದೆ ನಿಂತು ಒಂದು ಫೋಟೊ ಹೊಡೆದುಕೊಂಡರು.

ಮರುವಾರ ಟೀಗೆ ಹೋದಾಗ ಗುಮ್ಮಟದ ಪಕ್ಕದಲ್ಲಿ ಆ ಮೋಟೆಲಿನ ಫೋಟೊ ಅಂಟಿತ್ತು. “ಇಲ್ಲಿ ‘ಎ’ ಹೋಗಿ ‘ಇ’ ಆಗಿದೆ ನೋಡಿ. ಅಲ್ಲಿಗೆ...” ಎಂದು ಎತ್ತಿದ ಬೆರಳನ್ನು ಅವರು ಕುಟ್ಟಲಿಲ್ಲ.

“ಮುಗೀತೇನ್ರೀ? ಟೀ ಆರ್ತಾ ಇದೆ,” ಎಂದು ಅವರ ಹೆಂಡತಿ ಅಡುಗೆಮನೆಯಿಂದ ಕೂಗಿದರು.

ಮೇಷ್ಟ್ರು ಗೋಡೆಯನ್ನೇ ನೋಡುತ್ತಾ, “ಇಲ್ಲ ಕಣೇ, ಇನ್ನೂ ಜಾಗ ಇದೆ,” ಎಂದರು.