ಅತ್ತೆ ಬೆಳೆದ ಬದನೆಕಾಯಿ

ನಿನ್ನೆ ರಾಯಚೂರಿನ ಮಾರುಕಟ್ಟೆಯಲ್ಲಿ ಒದ್ದೆ ಗೋಣಿಚೀಲದ ಮೇಲೆ ಹರವಿದ ಕೊತ್ತಂಬರಿಯ ವಾಸನೆ ಬಡಿದು ಅತ್ತೆ ನೆನಪಾದಳು.

ಗಂಡ ತೀರಿಕೊಂಡ ಮೇಲೆ ಅಪ್ಪನ ಈ ಅಕ್ಕ ತವರಿಗೇ ಬಂದಿದ್ದಳು. ಮಾನ್ವಿ ರಸ್ತೆಗೆ ಹತ್ತಿದ ನಮ್ಮ ಬೀಳು ಹೊಲದ ಕಲ್ಲು ಆರಿಸಿ, ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಕಾಯಿಪಲ್ಲೆಯ ತೋಟ ಮಾಡಿದಳು. ರಸ್ತೆಯಂಚಿನ ಚಪ್ಪರದಡಿ ತಾನೇ ಕೂತು ಮಾರುತ್ತಿದ್ದಳು. ಅವಳ ಬದನೆಕಾಯಿಗಾಗಿ ಬಸ್ಸಿನವರೂ ನಿಲ್ಲಿಸುತ್ತಿದ್ದರು. ಮನೆಯ ಮಕ್ಕಳೆಲ್ಲ ಉಂಡುಟ್ಟು ಬೆಳೆದದ್ದು ಆ ತೋಟದಿಂದಲೇ.

ಕಾಲುವೆ ನೀರು ನಮ್ಮ ಹೊಲಕ್ಕೂ ಬಂದ ವರ್ಷ ಅಪ್ಪ ತೋಟದ ಬದುವಿಗೆ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. "ಇನ್ನ ನೆಲ್ಲು ಹಚ್ಚೂದು," ಎಂದ.

"ಗಿಡದಾಗ ಇನ್ನಾ ಕಾಯಿ ಅದಾವ. ನನ್ನ ಒಂದ್ ಮಾತು ಕೇಳಬಾರದೇನೋ?"

"ನಿನ್ನೇನು ಕೇಳೂದದ ಅಕ್ಕಾ? ಹೊಲ ನಮ್ಮಪ್ಪಂದು."

"ಅಂವ ನನಗೂ ಅಪ್ಪನ ಅಲ್ಲೇನು?"

ಅಪ್ಪ ಟ್ರ್ಯಾಕ್ಟರನ್ನು ತೋಟದೊಳಗೆ ಇಳಿಸಿದ. ಅತ್ತೆ ಟ್ರ್ಯಾಕ್ಟರಿನ ಮುಂದೆ ಮುಂದೆ ಓಡುತ್ತ, ಸಿಕ್ಕಷ್ಟು ಕಾಯಿ ಹರಿದು ಸೆರಗಿಗೆ ತುಂಬಿಕೊಂಡಳು. ಆಮೇಲೆ ಸಾಯುವವರೆಗೂ ನಮ್ಮ ಅಡುಗೆಮನೆಯಲ್ಲೇ ಇದ್ದಳು, ಹೊಲಕ್ಕೆ ಕಾಲಿಡಲಿಲ್ಲ.

ನಿನ್ನೆ ನಾನು ಮನೆಗೆ ಬಂದಾಗ ಅಪ್ಪ ನೆಂಟರಿಗೆ ಹೇಳುತ್ತಿದ್ದ: "ನಾ ಬೆಳದ ಬದನಿಕಾಯಿ ಅಂದ್ರ ಮಾನ್ವಿ ತನಕ ಹೆಸರಿತ್ತು ನೋಡ್ರಿ."

"ಬೆಳದಾಕಿ ಅತ್ತಿ, ಯಪ್ಪಾ," ಎಂದೆ.

ಅಪ್ಪ ನನ್ನ ಮುಖ ನೋಡಲಿಲ್ಲ. "ನೀ ಒಳಗ ಹೋಗಿ ಚಹಾ ಮಾಡು ಹೋಗವಾ," ಎಂದ.